ಹರವೆಯ ತಾಯಿಗೆ ಅರಿವಿದೆ

ಡಿಸೆಂಬರ್ 3 ಬಂತೆಂದರೆ ವಿಶ್ವ ವಿಕಲಚೇತನರ ದಿನದ ಶಾಮಿಯಾನ ಎಲ್ಲ ಜಿಲ್ಲೆಗಳಲ್ಲೂ ಏಳುತ್ತದೆ. ತ್ರಿಚಕ್ರ ವಾಹನ, ಶ್ರವಣ ಸಾಧನಗಳ ವಿತರಣೆ, ಸಾಧಕರಿಗೆ ಶಾಲು, ಆಮೇಲೆ ಭಾಷಣ. ಭಾಷಣದಲ್ಲಿ ಒಂದು ಮಾತು ತಪ್ಪುವುದಿಲ್ಲ: ಹಳ್ಳಿಯ ಪೋಷಕರಲ್ಲಿ ಅರಿವಿನ ಕೊರತೆ ಇದೆ, ನ್ಯೂನತೆಯನ್ನು ಬೇಗ ಪತ್ತೆ ಹಚ್ಚಿದರೆ ಅರ್ಧ ಗುಣವಾದಂತೆ, ಸರ್ಕಾರ ಎಲ್ಲ ಸೌಲಭ್ಯ ಕೊಟ್ಟಿದೆ, ಬಳಸಿಕೊಳ್ಳುವವರು ಮುಂದೆ ಬರಬೇಕು. ಎದುರು ಪಕ್ಷದವರ ಮಾತೂ ಅಷ್ಟೇ ಸಿದ್ಧ: ಸರ್ಕಾರ ದುಡ್ಡೇ ಕೊಡುತ್ತಿಲ್ಲ, ಅನುದಾನ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ.

ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿಯಲ್ಲೋ ಪಕ್ಕದ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ, ಬೇಗೂರಿನಲ್ಲೋ ನಿಂತು ನೋಡಿದರೆ ಈ ಎರಡು ಮಾತೂ ನಿಲ್ಲುವುದಿಲ್ಲ. ದುಡ್ಡು ಬರುತ್ತಿದೆ. ಆದರೆ ಎಣಿಸಿ ತೋರಿಸಲು, ಹಂಚಿ ಫೋಟೊ ತೆಗೆಸಿಕೊಳ್ಳಲು ಬರುವ ಕೆಲಸಗಳಿಗೆ ಬರುತ್ತಿದೆ. ಪುಟ್ಟ ಮಗುವಿಗೆ ಬೇಕಾದದ್ದು ಮನೆ ಹತ್ತಿರ, ವಾರ ವಾರ, ವರ್ಷಗಟ್ಟಲೆ ತಪ್ಪದೆ ಸಿಗುವ ಒಂದು ಗಂಟೆಯ ಥೆರಪಿ. ಆ ಗಂಟೆ ಸಿಕ್ಕಿತೋ ಇಲ್ಲವೋ ಎಂದು ಯಾರೂ ಲೆಕ್ಕ ಕೇಳುವುದಿಲ್ಲ.

ಅರಿವಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಎಂಟು ತಿಂಗಳಾದರೂ ಕುತ್ತಿಗೆ ನಿಲ್ಲದ ಕೂಸು, ಪಾತ್ರೆ ಬಿದ್ದರೂ ತಿರುಗದ ಕೂಸು, ಎರಡು ತುಂಬಿದರೂ ‘ಅವ್ವ’ ಎನ್ನದ ಕೂಸು — ಇದು ಮೊದಲು ಗೊತ್ತಾಗುವುದು ತಾಯಿಗೆ. ‘ಗಂಡುಮಕ್ಕಳಿಗೆ ಮಾತು ನಿಧಾನ ಕಣವ್ವ, ಇವರಪ್ಪನೂ ಹಂಗೇ ಇದ್ದ’ ಎಂದು ಅತ್ತೆ ಸಮಾಧಾನ ಹೇಳುತ್ತಾಳೆ, ನಿಜ. ಆದರೆ ಸೊಸೆ ಸುಮ್ಮನಿರುವುದಿಲ್ಲ. ಮಾದಪ್ಪನಿಗೆ ಹರಕೆ ಕಟ್ಟಿಕೊಳ್ಳುತ್ತಾಳೆ, ತಾಯತ ಕಟ್ಟಿಸುತ್ತಾಳೆ, ಸಾಲ ಮಾಡಿಯಾದರೂ ಮೈಸೂರಿನ ಮಕ್ಕಳ ಡಾಕ್ಟರಿಗೆ ತೋರಿಸುತ್ತಾಳೆ. ಹರಕೆಯನ್ನು ಮೌಢ್ಯ ಎಂದು ಬರೆದುಕೊಳ್ಳುವವರು ಅದರೊಳಗಿನ ಸಂಗತಿಯನ್ನು ಕಾಣುವುದಿಲ್ಲ: ಮಗುವಿಗೆ ಏನೋ ಆಗಿದೆ ಎಂದು ಗೊತ್ತಿಲ್ಲದವಳು ಹರಕೆ ಕಟ್ಟಿಕೊಳ್ಳುವುದೇಕೆ? ಅವಳಿಗೆ ಸಿಕ್ಕದಿರುವುದು ‘ಹಾಗಾದರೆ ನಾಳೆಯಿಂದ ಏನು ಮಾಡಬೇಕು’ ಎಂಬ ಪ್ರಶ್ನೆಗೆ ಉತ್ತರ.

ಪತ್ತೆ ಹಚ್ಚುವ ವ್ಯವಸ್ಥೆ ನಮ್ಮಲ್ಲಿ ಸಣ್ಣದೇನೂ ಅಲ್ಲ. 2013ರ ಫೆಬ್ರುವರಿಯಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆರೋಗ್ಯ ಇಲಾಖೆಯವರ ಬಾಯಲ್ಲಿ ಆರ್‌ಬಿಎಸ್‌ಕೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆಗಳನ್ನು ಹುಡುಕುತ್ತದೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಖರ್ಚಿನಲ್ಲಿ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಸಂಶಯ ಬಂದ ಮಗುವನ್ನು ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಕಳಿಸಬೇಕು. ಅಲ್ಲಿ ಮಕ್ಕಳ ವೈದ್ಯರ ಜೊತೆಗೆ ಫಿಸಿಯೋಥೆರಪಿಸ್ಟ್, ಮಾತು-ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಎಲ್ಲರೂ ಒಂದೇ ಸೂರಿನಡಿ ಇರಬೇಕು ಎನ್ನುತ್ತದೆ ಮಾರ್ಗಸೂಚಿ.

ಈ ಕಾರ್ಯಕ್ರಮ ಕೆಲವು ಕಡೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೃದಯದಲ್ಲಿ ರಂಧ್ರವಿದ್ದರೆ ಶಸ್ತ್ರಚಿಕಿತ್ಸೆ, ಸೀಳುತುಟಿಯಿದ್ದರೆ ಹೊಲಿಗೆ. ಒಮ್ಮೆ ಮಾಡಿ ಮುಗಿಸಬಹುದಾದ ಕೆಲಸಕ್ಕೆ ಸರ್ಕಾರದ ಕೈ ಧಾರಾಳ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆ ಕಾಕ್ಲಿಯರ್ ಇಂಪ್ಲಾಂಟಿಗೆಂದು ಒಂದು ಮಗುವಿಗೆ ₹6 ಲಕ್ಷದವರೆಗೆ ಕೊಡಲು ಮುಂದಾದದ್ದೂ ಹೀಗೆಯೇ. ಎಡವುವುದು ಮುಗಿಯದ ಕೆಲಸದಲ್ಲಿ. ಕಿವಿಯೊಳಗೆ ಯಂತ್ರ ಕೂರಿಸಿದ ಮಾತ್ರಕ್ಕೆ ಮಗು ಮಾತಾಡುವುದಿಲ್ಲ. ಬಂದ ಸದ್ದು ನಾಯಿಯದೋ ಬಸ್ಸಿನದೋ ಅಮ್ಮನದೋ ಎಂದು ಕಲಿಯುವುದಕ್ಕೇ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಮಗುವನ್ನು ನೋಡಿ. ಹುಟ್ಟಿದ ಮೊದಲ ವಾರಗಳಲ್ಲೇ ಶುರುಮಾಡಿದರೆ ಇದು ಅತ್ಯಂತ ಅಗ್ಗದ ಚಿಕಿತ್ಸೆ. ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್‌ಗಳಾದ ಮೇಲೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಸಣ್ಣ ಕುಯ್ತ. ಪಾದ ನೇರವಾಗುತ್ತದೆ, ಎಲ್ಲರಿಗೂ ಸಂತೋಷ, ಕಡತದಲ್ಲಿ ‘ಗುಣ’ ಎಂದು ಬರೆಯಬಹುದು. ಅಸಲಿ ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ. ಕಂಬಿಯಿಂದ ಜೋಡಿಸಿದ ಎರಡು ಬೂಟುಗಳನ್ನು ಮೊದಲ ತಿಂಗಳುಗಳಲ್ಲಿ ಹಗಲೂ ರಾತ್ರಿ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತಿನಲ್ಲಿ ಹಾಕಬೇಕು. ಮಗು ರಾತ್ರಿಯೆಲ್ಲ ರಚ್ಚೆ ಹಿಡಿಯುತ್ತದೆ. ಕಾಲು ಬೆಳೆದಂತೆ ಬೂಟು ಬದಲಾಗಬೇಕು. ಹೊಸ ಅಳತೆಯ ಬೂಟು ಸಿಗದೆ ಒಂದೆರಡು ತಿಂಗಳು ಬಿಟ್ಟುಹೋದರೆ ಪಾದ ಮತ್ತೆ ಒಳಕ್ಕೆ ತಿರುಗತೊಡಗುತ್ತದೆ. ಪ್ಲಾಸ್ಟರಿನ ಖರ್ಚು ಪೂರಾ ನೀರುಪಾಲು. ಆಗ ಕಡತಕ್ಕೆ ಸೇರುವ ಷರಾ ‘ಪೋಷಕರ ನಿರ್ಲಕ್ಷ್ಯ’.

ಒಮ್ಮೆ ಮಾಡಿ ಮುಗಿಸುವ ಕೆಲಸದತ್ತಲೇ ವಾಲುವ ಈ ಒಲವು ಕಾನೂನಿನ ಒಳಗೇ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಎನ್ನುತ್ತದೆ. ಪುನರ್ವಸತಿಯ ಮಾತು ಬರುವ 27ನೇ ಸೆಕ್ಷನ್ನಿಗೆ ಬಂದಾಗ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತು ಬಂದು ಕೂರುತ್ತದೆ. ಅಂದರೆ ಹುಡುಕುವುದು ಕಡ್ಡಾಯ, ಹುಡುಕಿದ ಮೇಲಿನದು ಅನುಕೂಲ ನೋಡಿಕೊಂಡು. ಅದೇ ಕಾಯ್ದೆಯ 31ನೇ ಸೆಕ್ಷನ್ ಕೊಡುವ ಉಚಿತ ಶಿಕ್ಷಣದ ಹಕ್ಕು 6ನೇ ವರ್ಷಕ್ಕೆ ಶುರು. ಸಂವಿಧಾನವೂ ಈ ಗೆರೆಯನ್ನೇ ಎಳೆದಿದೆ: 2002ರ 86ನೇ ತಿದ್ದುಪಡಿಯಿಂದ 6ರಿಂದ 14ರ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. 6ರೊಳಗಿನವರ ಆರೈಕೆ ನ್ಯಾಯಾಲಯದಲ್ಲಿ ಕೇಳಲಾಗದ ನಿರ್ದೇಶಕ ತತ್ವಗಳಲ್ಲೇ ಉಳಿಯಿತು. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ ₹3,500 ಲೆಕ್ಕವಿದೆ. ಆ ದುಡ್ಡು ಹಿಂಬಾಲಿಸುವುದು ಶಾಲೆಯ ದಾಖಲಾತಿಯನ್ನು. ಮಿದುಳು ಅತಿ ಬೇಗ ಬೆಳೆಯುವ ಮೊದಲ ಮೂರು ವರ್ಷ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಇದರ ಮೇಲೆ ಶೇ 40ರ ಬಾಗಿಲು. ಮಾಸಾಶನ, ಮೀಸಲಾತಿ, ಬಹುತೇಕ ಸೌಲಭ್ಯ ತೆರೆಯುವುದು ಶೇ 40ರಷ್ಟು ವೈಕಲ್ಯ ಇದೆ ಎಂದು ಪ್ರಮಾಣಪತ್ರ ಸಿಕ್ಕಾಗ. ಒಂದೂವರೆ ವರ್ಷದ ಮಗುವಿನಲ್ಲಿ ಶೇಕಡಾವಾರು ಅಳೆಯುವುದೇ ಕಷ್ಟ. ಬೇಗ ಥೆರಪಿ ಕೊಡುವುದರ ಉದ್ದೇಶವೇ ಆ ಸಂಖ್ಯೆ 40 ಮುಟ್ಟದಂತೆ ತಡೆಯುವುದು. ಮುಟ್ಟಿದ ಮೇಲೆ ಮಾತ್ರ ದುಡ್ಡು ಕೊಡುತ್ತೇವೆ ಎನ್ನುವುದು ಬೆಂಕಿ ಮಾಡಿಗೆ ಹತ್ತಿದ ಮೇಲೆ ಬಾವಿ ತೋಡಲು ಮಂಜೂರಾತಿ ಕೊಟ್ಟಂತೆ.

ಇನ್ನು ತಾಯಿಯ ಲೆಕ್ಕ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ₹370. ಹರವೆ ಕಡೆಯಿಂದ ಮಗುವನ್ನು ಎತ್ತಿಕೊಂಡು ಚಾಮರಾಜನಗರಕ್ಕೋ ಮೈಸೂರಿಗೋ ಹೋಗಿ, ಸಾಲಿನಲ್ಲಿ ಕಾದು, ಮುಕ್ಕಾಲು ಗಂಟೆ ಥೆರಪಿ ಮುಗಿಸಿ, ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ದಿನ ಮುಗಿಯುತ್ತದೆ. ವಾರಕ್ಕೊಂದು ದಿನದಂತೆ 52 ದಿನಕ್ಕೆ ಕೈಬಿಡುವ ಕೂಲಿ ₹19,240. ಶೇ 40 ದಾಟಿ ಪ್ರಮಾಣಪತ್ರ ಸಿಕ್ಕ ಮಗುವಿಗೆ ರಾಜ್ಯ ಕೊಡುವ ತಿಂಗಳ ಕನಿಷ್ಠ ₹800 ಮಾಸಾಶನ ವರ್ಷಕ್ಕೆ ₹9,600. ಅರಿಶಿನ ಕೀಳುವ, ಸಣ್ಣ ಈರುಳ್ಳಿ ಬಿಡಿಸುವ ಕಾಲದಲ್ಲಿ ಅವಳು ಎರಡು ವಾರ ಥೆರಪಿ ತಪ್ಪಿಸಿದರೆ ಅದು ಅರಿವಿನ ಕೊರತೆಯಲ್ಲ, ನೇರ ಕೂಡಿ-ಕಳೆಯುವ ಲೆಕ್ಕ. 2023ರ ಜೂನ್ 11ರಂದು ಶುರುವಾದ, ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಅವಳ ಬಸ್ ಚಾರ್ಜನ್ನಾದರೂ ಇಳಿಸಿತು. ಅಂಗವಿಕಲ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಆ ಯೋಜನೆ ಮಾಡಿದ್ದಲ್ಲ. ಆದರೂ ಎಷ್ಟೋ ಜಾಗೃತಿ ಜಾಥಾಗಳಿಗಿಂತ ಅದರಿಂದ ಈ ತಾಯಂದಿರಿಗೆ ಹೆಚ್ಚು ಉಪಕಾರವಾಗಿದೆ ಎಂಬುದು ನನ್ನ ಎಣಿಕೆ.

‘ಹಾಗಾದರೆ ದೊಡ್ಡ ಕೇಂದ್ರ ಕಟ್ಟೋಣ’ ಎಂಬ ಪರಿಹಾರ ಕೂಡಲೇ ಬರುತ್ತದೆ. 2021ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಚಾಮರಾಜನಗರದ ವೈದ್ಯಕೀಯ ಕಾಲೇಜಿನ 450 ಹಾಸಿಗೆಯ ಆಸ್ಪತ್ರೆ ಉದ್ಘಾಟಿಸಿದರು. ಒಳ್ಳೆಯದೇ, ರೋಗ ನಿರ್ಣಯಕ್ಕೆ ತಜ್ಞರಿರುವ ಕಟ್ಟಡ ಬೇಕು. ಆದರೆ ನಿರ್ಣಯ ಒಂದು ದಿನದ ಕೆಲಸ, ಥೆರಪಿ ಸಾವಿರ ದಿನದ್ದು. ಅದು ಹೋಬಳಿ ದಾಟಿ ದೂರ ಹೋದಷ್ಟೂ ಕೈಬಿಡುವವರು ಹೆಚ್ಚುತ್ತಾರೆ.

ಇದಕ್ಕೆ ಬೇರೆಡೆ ಕಂಡುಕೊಂಡ ದಾರಿ ಹೊಸದಲ್ಲ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಪೋರ್ಟೇಜ್ ಎಂಬ ಊರಿನ ಸುತ್ತ ಮನೆಗಳು ದೂರದೂರವಿದ್ದ ಕಾರಣ ಮಕ್ಕಳನ್ನು ಕೇಂದ್ರಕ್ಕೆ ಕರೆತರುವುದನ್ನು ಬಿಟ್ಟು, ಕಲಿಸುವವರೇ ವಾರಕ್ಕೊಮ್ಮೆ ಮನೆಗೆ ಹೋದರು. ಈ ವಾರ ಚಮಚ ಹಿಡಿಯುವುದು, ಮುಂದಿನ ವಾರ ಅದನ್ನು ಬಾಯಿಗೆ ತರುವುದು. ದಿನವೂ ಕಲಿಸುವವಳು ತಾಯಿ, ವಾರಕ್ಕೊಮ್ಮೆ ಬಂದು ನೋಡುವವರು ಶಿಕ್ಷಕಿ. 1986ರಲ್ಲಿ ಅಮೆರಿಕ ಹುಟ್ಟಿದಂದಿನಿಂದ ಮೂರು ವರ್ಷದೊಳಗಿನ ಇಂಥ ಮಕ್ಕಳ ಸೇವೆಗೆ ಕಾನೂನಿನಲ್ಲೇ ಜಾಗ ಮಾಡಿತು. ನಮ್ಮ ಸುತ್ತಲೇ ಇದರ ತುಣುಕುಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ ಹೊರಸೇವಾ ಕೇಂದ್ರ ತೆರೆದಿದೆ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕಿವಿ ಕೇಳದ ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂತು ಕಲಿಯುವ ಶಾಲೆಯಿದೆ. ಸರ್ಕಾರ ಊರೂರಿಗೆ ಒಬ್ಬರನ್ನು ಕಳಿಸಬಲ್ಲದು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಅಂಗನವಾಡಿಯೇ ಇದೆ: 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಅದು ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ನಮ್ಮ ನೆರೆಯ ತಿ. ನರಸೀಪುರ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಥೆರಪಿ ಪರಿಣತರ ಕೆಲಸ, ಅರೆಬರೆ ಕಲಿತವರ ಕೈಗೆ ಕೊಟ್ಟರೆ ಹಳ್ಳಿಯ ಮಗುವಿಗೆ ಎರಡನೇ ದರ್ಜೆಯ ಸೇವೆ ಕೊಟ್ಟಂತಾಗುತ್ತದೆ. ಜೊತೆಗೆ ಮೊಟ್ಟೆ, ತೂಕ, ಸಮೀಕ್ಷೆ, ಮೊಬೈಲ್ ಆ್ಯಪ್ ಎಂದು ಈಗಾಗಲೇ ಸುಸ್ತಾಗಿರುವ ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಇದನ್ನೂ ಕಟ್ಟುವುದು ಅನ್ಯಾಯ. 2023ರ ನವೆಂಬರ್‌ನಲ್ಲಿ ಕೇಂದ್ರ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೋಕಾಲ್ ತಂದಾಗ ಈ ಅನುಮಾನ ನನಗೂ ಬಂತು. ಆದರೆ ಪರಿಣತರು ಕೆಲಸ ಹಂಚಿಕೊಳ್ಳದಿದ್ದರೆ ಹಳ್ಳಿಗೆ ಸಿಗುವುದು ಎರಡನೇ ದರ್ಜೆಯೂ ಅಲ್ಲ, ಶೂನ್ಯ. ಮೇಲಾಗಿ, ಕೆಲಸಕ್ಕೆ ಇನ್ನೊಬ್ಬರಿದ್ದಾರೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ರಾಜ್ಯ ನೇಮಿಸಿಕೊಂಡಿದೆ, ಅವರೂ ಅಂಗವಿಕಲರೇ. ಹೆಸರಿನಲ್ಲಿ ಪುನರ್ವಸತಿ ಇದ್ದರೂ ಅವರ ಹೊತ್ತು ಹೋಗುವುದು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ, ಪಟ್ಟಿ ಮಾಡುವುದರಲ್ಲಿ. ಗೌರವಧನಕ್ಕೆ ದುಡಿಯುವ ಇವರಿಗೆ ಸರಿಯಾದ ಸಂಬಳ, ಕೆಲವು ತಿಂಗಳ ಕೈಗೆಲಸದ ತರಬೇತಿ, ತಿಂಗಳಿಗೊಮ್ಮೆ ಬಂದು ತಿದ್ದುವ ಥೆರಪಿಸ್ಟ್ ಕೊಟ್ಟರೆ ವಾರದ ಭೇಟಿ ಅಸಾಧ್ಯವೇನಲ್ಲ.

ಅನುದಾನ ಕೇಳುವವರು ಒಂದು ವಾದವನ್ನು ಕೈಬಿಟ್ಟರೂ ಒಳ್ಳೆಯದು. ‘ಇದು ಖರ್ಚಲ್ಲ, ಹೂಡಿಕೆ, ಇಂದು ಹಾಕಿದ ರೂಪಾಯಿ ನಾಳೆ ಹಲವು ಪಟ್ಟು ಮರಳುತ್ತದೆ’ ಎಂದು ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಹೆಸರು ಹೇಳುವುದು ಈಗ ರೂಢಿ. ಅವರು ಲೆಕ್ಕ ಹಾಕಿದ ಪ್ರಸಿದ್ಧ ಪ್ರಯೋಗ 1960ರ ದಶಕದಲ್ಲಿ ಮಿಷಿಗನ್‌ನ ಇಪ್ಸಿಲಾಂಟಿ ಊರಿನ ಬಡ ಕಪ್ಪು ಮಕ್ಕಳ ಶಿಶುವಿಹಾರದ್ದು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳದ್ದಲ್ಲ. ಲಾಭದ ತಕ್ಕಡಿಗೆ ಒಪ್ಪಿಕೊಂಡರೆ ಮುಂದೆಂದೂ ದುಡಿಯಲಾರದ ಮಗು ಮೊದಲು ಪಟ್ಟಿಯಿಂದ ಬೀಳುತ್ತದೆ. ನೋವಿಲ್ಲದೆ ಕೂರುವುದು, ಉಸಿರುಗಟ್ಟದೆ ಅನ್ನ ನುಂಗುವುದು, ಬೇಕು ಬೇಡ ಎಂದು ತಿಳಿಸುವುದು ಯಾವ ವರಮಾನವನ್ನೂ ತರದಿದ್ದರೂ ಕೊಡಬೇಕಾದದ್ದೇ.

ಆಗಬೇಕಾದ ಕೆಲಸ ಬಹಳವಿಲ್ಲ. ಆರು ವರ್ಷದೊಳಗಿನ ಮಗುವಿಗೆ ಪ್ರಮಾಣಪತ್ರ ಕೇಳದೆ ಥೆರಪಿಯ ಹಣ ಹರಿಯಬೇಕು; ವೈದ್ಯರ ಸಂಶಯವೇ ಸಾಕಾಗಬೇಕು. ಥೆರಪಿಸ್ಟ್ ವಾರದ ಒಂದು ಗೊತ್ತಾದ ದಿನ ಹೋಬಳಿ ಕೇಂದ್ರದಲ್ಲಿರಬೇಕು. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ 5ರ ಹಣದಲ್ಲಿ ಒಂದು ಪಾಲು ಆ ದಿನ ಮಗುವನ್ನು ಕರೆತಂದ ತಾಯಿಯ ಕೂಲಿಗೆ ಹೋಗಬೇಕು. ಎಲ್ಲಕ್ಕಿಂತ ಮೊದಲು, ಲೆಕ್ಕ ಕೇಳುವ ಬಗೆ ಬದಲಾಗಬೇಕು. ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳು ಎಷ್ಟು ಮಕ್ಕಳ ತಪಾಸಣೆಯಾಯಿತು, ಎಷ್ಟು ಸಾಧನ ಹಂಚಿದೆವು ಎಂದು ಓದುತ್ತಾರೆ, ಶಾಸಕರು ತಲೆಯಾಡಿಸುತ್ತಾರೆ. ಅಲ್ಲಿ ಕೇಳಬೇಕಾದದ್ದು ಇಷ್ಟು: ಹಿಂದಿನ ತಪಾಸಣೆಯಲ್ಲಿ ಗುರುತಿಸಿದ ಹರವೆ ಹೋಬಳಿಯ ಪ್ರತಿ ಮಗುವಿಗೂ ಈ ಮೂರು ತಿಂಗಳಲ್ಲಿ ಎಷ್ಟು ಗಂಟೆ ಥೆರಪಿ ಸಿಕ್ಕಿತು, ಎಷ್ಟು ದೂರದಲ್ಲಿ, ಯಾವ ಹುದ್ದೆ ಎಂದಿನಿಂದ ಖಾಲಿ? ಇದಕ್ಕೆ ಉತ್ತರ ಸಿಗುವ ತನಕ ತಾಯಂದಿರಿಗೆ ಅರಿವಿಲ್ಲ ಎನ್ನುವ ಹಕ್ಕು ವೇದಿಕೆಯ ಮೇಲಿರುವ ಯಾರಿಗೂ ಇಲ್ಲ.