ಕೃತಿಯೂ ಧ್ವನಿಮುದ್ರಿಕೆಯೂ

ಒಂದೇ ಸಂಗೀತರಚನೆಯ ಎರಡು ಧ್ವನಿಮುದ್ರಿಕೆಗಳನ್ನು ಕೇಳಿ ಅವುಗಳ ತಾರತಮ್ಯವನ್ನು ನಿರ್ಣಯಿಸುವುದು ರಸಿಕರಲ್ಲಿ ರೂಢವಾದ ಕ್ರಮ. ಆದರೆ ಹಾಗೆ ಹೋಲಿಸುವಾಗ ನಾವು ಯಾವುದನ್ನು ಒರೆಗಲ್ಲಾಗಿ ಇಟ್ಟುಕೊಂಡಿದ್ದೇವೆ ಎಂಬ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು. ಪಾಶ್ಚಾತ್ಯ ಸಿಂಫೊನಿಗೆ ಸಲ್ಲುವ ಉತ್ತರ ಜಾಝ್ ಸಂಗೀತಕ್ಕೆ ಸಲ್ಲದು. ಈ ಭೇದವನ್ನು ಅರಿಯದ ವಿಮರ್ಶೆ ನಮ್ಮ ಜನಪದ ಕಾವ್ಯಗಳ ವಿಷಯದಲ್ಲಿಯೂ ದಾರಿ ತಪ್ಪುತ್ತದೆ.

ಸಿಂಫೊನಿಗೆ ಸ್ವರಲಿಪಿಯೇ ಆಧಾರ. ಬೀಥೋವನನ ಐದನೆಯ ಸಿಂಫೊನಿಯನ್ನು ಟೊಸ್ಕನೀನಿ ಬಿಗಿಯಾದ ಕಾಲಪ್ರಮಾಣದಲ್ಲಿ ನಡೆಸಿದರೆ, ಫುರ್ಟ್‌ವೆಂಗ್ಲರ್ ಕಾಲವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ನಡೆಸುತ್ತಾನೆ. ಇವು ಒಂದೇ ಮೂಲಕ್ಕೆ ಇಬ್ಬರು ಬರೆದ ವ್ಯಾಖ್ಯಾನಗಳಂತೆ. ಇದಕ್ಕೆ ಮೈಸೂರಿನ ಚರಿತ್ರೆಯಲ್ಲಿಯೂ ಒಂದು ನಿದರ್ಶನವುಂಟು. ಜಯಚಾಮರಾಜೇಂದ್ರ ಒಡೆಯರ ಆಶ್ರಯದಿಂದ ರಷ್ಯದ ನಿಕೊಲಾಯ್ ಮೆಟ್ನರ್ ತನ್ನ ಮೂರು ಪಿಯಾನೋ ಕಂಚೆರ್ಟೊಗಳನ್ನು 1947ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ತಾನೇ ನುಡಿಸಿ ಮುದ್ರಿಸಿದನು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದನು. ರಚನಕಾರನೇ ನುಡಿಸಿದ ಮೇಲೆ ಹೇಳುವುದೇನೂ ಉಳಿಯದೆಂದು ತೋರಬಹುದು. ಆದರೂ ಮುಂದೆ ಜೆಫ್ರಿ ಟೋಜರ್, ನಿಕೊಲಾಯ್ ಡೆಮಿಡೆಂಕೊ ಮೊದಲಾದವರು ಆ ಮೂರನೆಯ ಕಂಚೆರ್ಟೊವನ್ನು ಮತ್ತೆ ಮುದ್ರಿಸಿದರು. ಅವರು ಮೆಟ್ನರನ ವಾದನವನ್ನು ಅನುಕರಿಸಬೇಕಾಗಿರಲಿಲ್ಲ. ಅವನ ಸ್ವರಲಿಪಿಗೆ ಉತ್ತರ ಹೇಳಬೇಕಾಗಿತ್ತು.

ಜಾಝ್‌ನಲ್ಲಿ ಸ್ಥಿತಿ ಬೇರೆ. ಮೈಲ್ಸ್ ಡೇವಿಸ್ 1959ರಲ್ಲಿ ಮುದ್ರಿಸಿದ ‘ಸೋ ವಾಟ್’ ನಿಧಾನವಾಗಿ, ಯೋಚಿಸಿ ಆಡಿದ ಮಾತಿನಂತಿದೆ. 1964ರಲ್ಲಿ ನ್ಯೂಯಾರ್ಕಿನ ಕಚೇರಿಯಲ್ಲಿ ಅವನೇ ಅದನ್ನು ಬಹು ದ್ರುತವಾಗಿ ನುಡಿಸಿದ್ದಾನೆ. ಎರಡನೆಯದು ಮೊದಲನೆಯದರ ವಿಕೃತಿ ಎನ್ನಲು ಆಧಾರವಿಲ್ಲ. ಇಲ್ಲಿ ಬರೆದಿಟ್ಟದ್ದು ಅತ್ಯಲ್ಪ. ಉಳಿದುದೆಲ್ಲ ಆ ಹೊತ್ತಿನ ಸೃಷ್ಟಿ. ಹಳೆಯ ಗ್ರಾಮಫೋನ್ ತಟ್ಟೆಗಳು ಸಿಂಫೊನಿಯನ್ನು ನಾಲ್ಕೈದು ನಿಮಿಷದ ತುಂಡುಗಳಾಗಿ ಕತ್ತರಿಸಿದವು. ಆದರೆ ಕೃತಿ ಬದಲಾಗಲಿಲ್ಲ. ಜಾಝ್‌ಗಾರನಾದರೋ ಸುಮಾರು ಮೂರು ನಿಮಿಷಗಳಲ್ಲಿ ತನ್ನ ಕಲ್ಪನೆಯನ್ನೇ ಅಡಗಿಸಬೇಕಾಯಿತು. ಒಂದೆಡೆ ಯಂತ್ರ ಕೃತಿಯನ್ನು ಹೊತ್ತು ತಂದಿತು. ಇನ್ನೊಂದೆಡೆ ಕೃತಿಯ ಅಳತೆಯನ್ನೇ ಗೊತ್ತುಮಾಡಿತು.

ಕರ್ಣಾಟಕ ಸಂಗೀತದ ಶ್ರೋತೃವಿಗೆ ಈ ಎರಡು ನ್ಯಾಯಗಳೂ ಅಪರಿಚಿತವಲ್ಲ. ಕೀರ್ತನೆಯಲ್ಲಿ ನಾವು ಪಾಠಶುದ್ಧಿಯನ್ನು ಕೇಳುತ್ತೇವೆ, ರಾಗಾಲಾಪನೆಯಲ್ಲಿ ಮನೋಧರ್ಮವನ್ನು. ಒಂದರ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿಯುವವನನ್ನು ಯಾರೂ ರಸಿಕನೆನ್ನರು.

ಆದರೆ ಈ ವಿವೇಕ ನಮ್ಮ ಸಂಶೋಧನೆಯೊಳಗೆ ಸಾಕಷ್ಟು ಬಂದಿದೆಯೆ? ಉಡಿಗಾಲವನ್ನೊಳಗೊಂಡ ಚಾಮರಾಜನಗರ ಸೀಮೆ ಮಲೆಯ ಮಾದೇಶ್ವರನ ಕಾವ್ಯ ಬಾಳಿಕೊಂಡು ಬಂದ ನೆಲ. ಕಂಸಾಳೆಯವರು ಸಂಕಮ್ಮನ ಸಾಲನ್ನು ಹಾಡುವಾಗ ಕಥೆಯ ಹಂದರ ಪರಂಪರೆಯದು. ಅದರ ಹಿಗ್ಗು ಕುಗ್ಗು, ವರ್ಣನೆ, ಹಿಮ್ಮೇಳದ ಸೊಲ್ಲಿಗೆ ಮುಮ್ಮೇಳದ ಪ್ರತಿಕ್ರಿಯೆ, ಇವೆಲ್ಲ ಆ ರಾತ್ರಿಯವು. ಒಬ್ಬ ಗಾಯಕನನ್ನು ಒಮ್ಮೆ ಮುದ್ರಿಸಿಕೊಂಡು, ಅದನ್ನು ಅಕ್ಷರಕ್ಕಿಳಿಸಿ ‘ಮೂಲಪಾಠ’ವೆಂದು ಕರೆದರೆ, ಮುಂದಿನ ಗಾಯಕ ಹಾಡಿದ ಬೇರೆ ಮಾತೆಲ್ಲ ಪಾಠದೋಷವೆನಿಸುತ್ತದೆ. ಪುಸ್ತಕವನ್ನು ನೋಡಿ ಹಾಡುಗಾರನನ್ನು ತಿದ್ದುವ ವಿಪರ್ಯಾಸ ಹುಟ್ಟುವುದು ಹೀಗೆ.

ಮುದ್ರಣ ಬೇಡವೆಂದು ಇದರರ್ಥವಲ್ಲ; ಒಂದೇ ಮುದ್ರಣ ಸಾಲದೆಂದು ಅರ್ಥ. ಒಬ್ಬನೇ ಗಾಯಕ ಒಂದೇ ಸಾಲನ್ನು ಬೇರೆ ಬೇರೆ ಸಭೆಗಳಲ್ಲಿ ಹಾಡಿದುದನ್ನು ಕೂಡಿಸಿಡಬೇಕು. ಸ್ಥಳ, ಸಂದರ್ಭ, ಹಿಮ್ಮೇಳದವರ ವಿವರಗಳನ್ನು ಜೊತೆಗೆ ಬರೆದಿಡಬೇಕು. ವಿದ್ಯಾರ್ಥಿಯು ಅವುಗಳನ್ನು ಹೋಲಿಸುವಾಗ ಯಾವುದು ಸರಿ ಎಂದು ಕೇಳದೆ, ಇಲ್ಲಿ ಗಾಯಕ ಏನನ್ನು ಆರಿಸಿಕೊಂಡ, ಏಕೆ ಆರಿಸಿಕೊಂಡ ಎಂದು ಕೇಳಲಿ. ಕಾವ್ಯವಿಮರ್ಶೆ ಅಲ್ಲಿಂದ ಆರಂಭವಾಗುತ್ತದೆ.