ಬಗ್ಗಿಸುವ ಕೈ ಯಾರದು?

“ಮಾಸ್ತರ, ಎರಡ ಕಣ್ಣ ಬಿಟ್ಟ ಎಲ್ಲಿ ಬೇಕಾದಲ್ಲಿ ಬಡೀರಿ. ನಾ ಏನೂ ಕೇಳಾಂಗಿಲ್ಲ.”

ಮಗನನ್ನು ಸಾಲಿಗೆ ಹಚ್ಚಲು ಬಂದ ಅಪ್ಪ ಹೀಗೆ ಹೇಳುವುದನ್ನು ಮುಗಳಖೋಡದ ಸುತ್ತಿನ ಹಳ್ಳಿಗಳಲ್ಲಿ ಕೇಳದ ಮಾಸ್ತರರಿಲ್ಲ. ನಾವು ಇದನ್ನು ಮೊದಲು ಕೇಳಿದ್ದು ಅಪ್ಪನ ಧೋತರದ ಹಿಂದೆ ನಿಂತು. ಈಗ ನಮ್ಮಲ್ಲಿ ಕೆಲವರು ಕುರ್ಚಿಯ ಮೇಲೆ ಕೂತು ಕೇಳುತ್ತಿದ್ದೇವೆ. ಆಗ ಅಂಜಿಕೆಯಾಗಿತ್ತು. ಈಗ, ಸುಳ್ಳು ಯಾಕೆ ಹೇಳಬೇಕು, ಒಳಗೊಳಗೇ ಹೆಮ್ಮೆಯಾಗುತ್ತದೆ. ಅಪ್ಪ ಅನ್ನುವವನು ತನ್ನ ಅಧಿಕಾರವನ್ನೆಲ್ಲ ಗಂಟು ಕಟ್ಟಿ ನಮ್ಮ ಕೈಗೆ ಕೊಟ್ಟು ಕಬ್ಬಿನ ಹೊಲಕ್ಕೆ ಹೋಗಿಬಿಡುತ್ತಾನೆ. ಆ ಗಂಟಿನೊಳಗೆ ಏನಿದೆ ಎಂದು ನಾವು ಬಿಚ್ಚಿ ನೋಡಿಲ್ಲ. ಈಗ ನೋಡೋಣ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮಕ್ಕಳ ಬಾಯಿಂದಲೇ ಹೇಳಿಸುತ್ತೇವೆ. ಗಿಡ ಯಾಕೆ ಬಗ್ಗಬೇಕು, ಯಾರ ಮುಂದೆ ಬಗ್ಗಬೇಕು ಎಂದು ಯಾರೂ ಕೇಳುವುದಿಲ್ಲ. ಗೌಡರ ಕಟ್ಟೆಯ ಮುಂದೆ ಬಗ್ಗಿದ ಬೆನ್ನುಗಳನ್ನೇ ತಲೆತಲಾಂತರದಿಂದ ಕಂಡ ಕೇರಿಗೆ ‘ಬಗ್ಗು’ ಅನ್ನುವುದು ಗಿಡಮರದ ಮಾತಲ್ಲ.

ಮಕ್ಕಳನ್ನು ಬೆಳೆಸುವ ಬಗ್ಗೆ ಪೇಟೆಯಲ್ಲಿ ಪುಸ್ತಕಗಳಿಗೆ ಬರವಿಲ್ಲ. ಡಯಾನಾ ಬೌಮ್‌ರಿಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1960ರ ದಶಕದಲ್ಲಿ ತಾಯಿತಂದೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹೇಳಿದಷ್ಟು ಕೇಳು ಎನ್ನುವವರು ಒಂದು ಬಗೆ. ಏನಾದರೂ ಮಾಡಿಕೋ ಎಂದು ಬಿಡುವವರು ಇನ್ನೊಂದು. ಕಟ್ಟುಪಾಡನ್ನೂ ಇಟ್ಟು, ಅದರ ಕಾರಣವನ್ನೂ ಹೇಳಿ, ಮಗುವಿನ ಮಾತನ್ನೂ ಕೇಳುವವರು ಮೂರನೆಯ ಬಗೆ. ಈ ಮೂರನೆಯವರ ಮಕ್ಕಳು ಗಟ್ಟಿಯಾಗಿ ಬೆಳೆಯುತ್ತಾರೆ ಎಂದರು. ಮಾತು ತಪ್ಪಲ್ಲ. ಆದರೆ ಅವರು ಹೆಚ್ಚಾಗಿ ನೋಡಿದ್ದು ಕ್ಯಾಲಿಫೋರ್ನಿಯಾದ ಬಿಳಿಯ ಮಧ್ಯಮ ವರ್ಗದ ಮನೆಗಳನ್ನು. ಆ ಮನೆಯ ಅಪ್ಪ ಹೊಸ್ತಿಲು ದಾಟಿದ ಮೇಲೂ ಮನುಷ್ಯನಾಗಿಯೇ ಉಳಿಯುತ್ತಾನೆ. ನಮ್ಮ ಅಪ್ಪನಿಗೆ ಮನೆಯೊಳಗೆ ಒಂದು ದನಿ, ಹೊರಗೆ ಇನ್ನೊಂದು. ಒಳಗೆ “ಏ, ಸುಮ್ಕ ಕುಂದ್ರಲೇ!” ಎಂದು ಗುಡುಗುವವನು ಹೊರಗೆ “ಹೌದ್ರಿ ಧಣೀ” ಎನ್ನುತ್ತಾನೆ. ಈ ಎರಡು ದನಿಗಳ ನಂಟನ್ನು ನಮಗೆ ತೋರಿಸಿದ್ದು ಮನಶ್ಶಾಸ್ತ್ರವಲ್ಲ, ನಮ್ಮ ಸಾಹಿತ್ಯ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಎಲ್ಲರೂ ಓದಿದ ಕಾದಂಬರಿ. ಓದದವರು 1975ರ ಸಿನೆಮಾ ನೋಡಿದ್ದಾರೆ. ಅದನ್ನು ಭೂಮಿಯ ಹಸಿವಿನ ಕತೆ ಎಂದೇ ಪಾಠ ಹೇಳುತ್ತೇವೆ. ಒಬ್ಬ ಅಪ್ಪನ ಕತೆ ಎಂದು ಒಮ್ಮೆ ಓದಿ ನೋಡಿರಿ. ಧಣಿ ಸಂಕಪ್ಪಯ್ಯನ ಅಂಗಳದಲ್ಲಿ ಚೋಮ ಕೈಮುಗಿದು ನಿಲ್ಲುತ್ತಾನೆ. ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗಿದರೂ ಅವನ ತಾಯಿ ಸಂಪ್ರದಾಯದ ಹೆಸರಿನಲ್ಲಿ ಅಡ್ಡ ಬರುತ್ತಾಳೆ. ಧಣಿಯೂ ತನ್ನ ಮನೆಯಲ್ಲಿ ಹೇಳಿದ್ದು ಕೇಳುವ ಮಗನೇ! ಇತ್ತ ಚೋಮನ ಸಾಲ ತೀರಿಸಲು ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಸಾಯುತ್ತಾನೆ, ಒಬ್ಬ ಹಿಂದಿರುಗುವುದಿಲ್ಲ. ಕೊನೆಗೆ ಆ ಸಾಲದ ಬೆಲೆಯನ್ನು ಮಗಳು ಬೆಳ್ಳಿ ತನ್ನ ಮೈಯಿಂದ ತೆರುತ್ತಾಳೆ. ಮನ್ವೇಲನ ಜೊತೆ ಅವಳನ್ನು ಕಂಡ ದಿನ ಚೋಮನ ಸಿಟ್ಟು ಯಾರ ಮೇಲೆ ಇಳಿಯಿತು? ಭೂಮಿ ಕೊಡದವರ ಮೇಲಲ್ಲ. ಬೆಳ್ಳಿಯ ಮೇಲೆ ಇಳಿಯಿತು. ಮೇಲಕ್ಕೆ ಏರಲಾಗದ ಸಿಟ್ಟು ಕೆಳಕ್ಕೆ ಇಳಿಯುತ್ತದೆ. ಬಡವನ ಮನೆಯಲ್ಲಿ ಕೆಳಗಿರುವವರು ಮಕ್ಕಳು, ಅವರಲ್ಲೂ ಕೆಳಗಿರುವವಳು ಮಗಳು.

ನಮ್ಮ ತಕರಾರು ಕಾರಂತರ ಮೇಲೂ ಇದೆ. ಚೋಮನ ದುಃಖಕ್ಕೆ ದುಡಿಯ ದನಿಯಾದರೂ ಇದೆ. ತನ್ನ ಮೈ ಯಾರ ಸಾಲಕ್ಕೆ ಹೋಯಿತು ಎಂದು ಬೆಳ್ಳಿ ಅಪ್ಪನನ್ನು ಎದುರು ನಿಂತು ಕೇಳುವ ಒಂದು ಗಳಿಗೆ ಆ ಕಾದಂಬರಿಯಲ್ಲಿ ಬರಬೇಕಿತ್ತು.

ಹೊರಗಿನಿಂದ ನೋಡಿ ಬರೆದದ್ದನ್ನು ಬಿಟ್ಟು ಕೇರಿಯೊಳಗಿನಿಂದ ಬಂದದ್ದಕ್ಕೆ ಬರೋಣ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ (1996) ಒಂದು ಚಿತ್ರವಿದೆ. ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ಹೆಗಲ ಮೇಲೆ ನೊಗ ಹೊತ್ತಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ನೊಗಕ್ಕೆ ಕಟ್ಟಿದವರಲ್ಲಿ ಒಬ್ಬ ತನ್ನ ಅಪ್ಪ ಎಂದು ಹುಡುಗ ಕಾಣುತ್ತಾನೆ. ಅಪ್ಪ ಎಂದರೆ ಅಧಿಕಾರ ಎಂದು ಪುಸ್ತಕ ಹೇಳುತ್ತದೆ. ನೊಗ ಹೊತ್ತ ಅಪ್ಪನನ್ನು ಕಂಡ ಮಗು ಆ ಸಂಜೆ “ಹೇಳಿದ್ದು ಕೇಳು” ಎಂಬ ಮಾತನ್ನು ಯಾವ ಕಿವಿಯಿಂದ ಕೇಳಬೇಕು? ನಮ್ಮಲ್ಲಿ ಎಷ್ಟೋ ಜನ ಅಪ್ಪನನ್ನು ದ್ವೇಷಿಸಿದ್ದೇವೆ. ಹೊಡೆದನೆಂದು ಅಲ್ಲ, ಮಂದಿ ಎದುರು ಬಗ್ಗಿದನೆಂದು. ಆ ದ್ವೇಷ ಕೂಡ ಜಾತಿ ವ್ಯವಸ್ಥೆ ನಮಗೆ ಕೊಟ್ಟ ಉಡುಗೊರೆ.

ಹಾಗಾದರೆ ಅಪ್ಪ ಹೊಡೆಯುವುದು ಯಾಕೆ? ಹೆಚ್ಚಿನ ಸಲ ಅಂಜಿಕೆಯಿಂದ. ಊರವರ ಬಾವಿಯ ಹತ್ತಿರ ಹೋಗಬ್ಯಾಡ, ಅವರ ಹುಡುಗೂರ ಕೂಡ ಜಗಳ ತಗೀಬ್ಯಾಡ, ಎದುರ ಮಾತಾಡಬ್ಯಾಡ. ನಾಳೆ ಊರವರು ಹೊಡೆದಾರು ಎಂದು ಇವತ್ತು ಅಪ್ಪನೇ ಹೊಡೆಯುತ್ತಾನೆ. ಈ ಪ್ರೀತಿಯನ್ನು ನಾವು ಬಲ್ಲೆವು. ಆದರೆ ಇದರ ಫಲ ಏನು? ಗೌಡ ಕೇರಿಗೆ ಬಾರದೆಯೇ ಗೌಡನ ಕೆಲಸ ನಡೆಯುತ್ತದೆ. ಚಾಬೂಕು ಅವನದು, ಹಿಡಿದ ಕೈ ನಮ್ಮಪ್ಪನದು.

ಈ ಮಾತು ಕಾದಂಬರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಸೀಮೆಯಲ್ಲೇ ತಾಯಿತಂದೆಯ ಅಧಿಕಾರ ಎಲ್ಲಿಯವರೆಗೆ ಹೋಗಿತ್ತು ಎಂಬುದಕ್ಕೆ ಯಲ್ಲಮ್ಮನ ಹೆಸರಿನಲ್ಲಿ ಕಟ್ಟಿದ ಮುತ್ತುಗಳೇ ಸಾಕ್ಷಿ. ರಾಯಬಾಗ, ಚಿಕ್ಕೋಡಿ, ಅಥಣಿ ತಾಲೂಕುಗಳ ದಲಿತ ಕೇರಿಗಳಿಂದ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟರು. ಮನೆಯಲ್ಲಿ ಗಂಡುಮಗ ಇಲ್ಲ, ಮುಪ್ಪಿನಲ್ಲಿ ನೋಡುವವರು ಬೇಕು. ತಲೆಯಲ್ಲಿ ಜಡಿ ಬಂತು. ಮೈಗೆ ಬೇನೆ ಬಂತು. ಕಾರಣ ಏನೇ ಇರಲಿ, ನಿರ್ಧಾರ ಹಿರಿಯರದು, ಕೊರಳು ಮಗುವಿನದು. ಆ ನಿರ್ಧಾರದ ಲಾಭ ಉಂಡವರು ಊರ ಉಳ್ಳವರು. ಅಪ್ಪ ಅವ್ವನ ಅಧಿಕಾರವನ್ನು ದೇವರ ಹೆಸರಿನಲ್ಲಿ ಊರಿನ ಯಜಮಾನಿಕೆ ಬಾಡಿಗೆಗೆ ಪಡೆದದ್ದು ಹೀಗೆ.

1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು ಎಂದಿತು. ಕಟ್ಟಿದವರು ತಾಯಿತಂದೆ, ಪಾಲಕರು, ಬಂಧುಗಳಾಗಿದ್ದರೆ ಶಿಕ್ಷೆ ಇನ್ನೂ ಹೆಚ್ಚು, ಎರಡರಿಂದ ಐದು ವರ್ಷ. ಕಾಯಬೇಕಾದವರೇ ಬಿಟ್ಟುಕೊಟ್ಟರೆ ತಪ್ಪು ದೊಡ್ಡದು ಎಂಬ ಅರ್ಥದಲ್ಲಿ ಇದು ಸರಿ. ಆದರೆ ಜೈಲಿಗೆ ಹೋಗಬೇಕಾದವರು ಕೇರಿಯ ಅಪ್ಪ ಅವ್ವ, ಲಾಭ ಉಂಡವರ ಹೆಸರು ಹೊರಗೆ ಬರಲಿಲ್ಲ. ಆ ಮಕ್ಕಳ ಮಕ್ಕಳು ಸಾಲಿಗೆ ಬಂದಾಗ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾಲಿ ಜಾಗ ಬಾಯಿ ತೆರೆದು ಕೂತಿತ್ತು. ಅವ್ವ ದುಡಿದು ಸಾಕಿದ ಮಗುವಿಗೆ, ಕಣ್ಣೆತ್ತಿ ನೋಡದ ಗಂಡಸಿನ ಹೆಸರು ಕೇಳುವ ಅಧಿಕಾರ ನಮ್ಮ ಕಚೇರಿಗಳಿಗೆ ಎಲ್ಲಿಂದ ಬಂತು? 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಕಾನೂನು, ತಂದೆ ಯಾರೆಂದು ಸ್ಥಾಪಿಸಿಕೊಳ್ಳುವ ಹಕ್ಕನ್ನು ಈ ಮಕ್ಕಳಿಗೆ ಕೊಟ್ಟಿದೆ. ಅಂದರೆ ಪ್ರಶ್ನೆ ಕೇಳುವವರು ಈಗ ಬದಲಾಗಬೇಕು. ಕಚೇರಿ ಮಗುವನ್ನು ಕೇಳುವುದಲ್ಲ, ಮಗು ಗಂಡಸನ್ನು ಕೇಳುವುದು.

ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಬಾಲ್ಯದಲ್ಲೇ ದೇವದಾಸಿಯಾದವರು. ಬೆಳೆದ ಮೇಲೆ ಅದೇ ಮುತ್ತು ಹರಿಯುವ ಸಂಘಟನೆಗೆ ನಿಂತರು. 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುಂದೆ ನಡೆಸಿದರು. 2018ರಲ್ಲಿ ಪದ್ಮಶ್ರೀ ಬಂತು. ಹಿರಿಯರು ಹೇಳಿದ್ದನ್ನು ಕೇಳಿದ್ದಕ್ಕೆ ಬಂದ ಪ್ರಶಸ್ತಿ ಇದಲ್ಲ. ಹಿರಿಯರು ಕಟ್ಟಿದ್ದನ್ನು ಹರಿದದ್ದಕ್ಕೆ ಬಂದದ್ದು. ಗಿಡ ಬಗ್ಗಲೇಬೇಕು ಎನ್ನುವವರು ಸ್ವಲ್ಪ ಯೋಚಿಸಲಿ.

ಹಾಗಂತ ಹಿರಿಯರ ಅಧಿಕಾರವೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಹಿಂದೆ ಗುಡಿಸಲಲ್ಲಿ ಬೆಳೆಯುವ ಕೂಸಿಗೆ, ಟ್ರ್ಯಾಕ್ಟರಿನ ಗಾಲಿ ಯಾವುದು, ತೆರೆದ ಬಾವಿ ಯಾವುದು ಎಂದು ಕೂಗಿ ತಡೆಯುವ ದನಿ ಬೇಕೇ ಬೇಕು. ಎಲ್ಲ ಬಿಟ್ಟುಬಿಡುವುದು ಕಾವಲಿಗೆ ಆಳಿರುವ ಮನೆಯವರ ಚೈನಿ. ಇನ್ನು ಹಿಂದೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಪುಕ್ಕಟೆ ಹಾಗೂ ಕಡ್ಡಾಯ ಮಾಡಿ, ಮಕ್ಕಳನ್ನು ಕಳಿಸದ ತಾಯಿತಂದೆಗೆ ದಂಡ ಇಟ್ಟರು. ಅದೂ ಅಧಿಕಾರವೇ. ಮಗುವಿನ ಮುಂದೆ ದಾರಿ ತೆರೆಯುವುದಕ್ಕೆ ಬಳಸಿದ ಅಧಿಕಾರ. ಅಧಿಕಾರ ಎಷ್ಟು ಬಿಗಿ ಎಂಬುದು ಮುಖ್ಯವಲ್ಲ. ಅದು ಯಾರ ಪರ ದುಡಿಯುತ್ತದೆ ಎಂಬುದು ಮುಖ್ಯ.

ದೇವನೂರ ಮಹಾದೇವರ ‘ಒಡಲಾಳ’ದ (1978) ಸಾಕವ್ವನನ್ನು ನೆನೆಯಿರಿ. ಆಕೆಯ ಬಾಯಿ ಜೋರು. ಕಳೆದ ಹುಂಜಕ್ಕಾಗಿ ಊರಿಗೆಲ್ಲ ಶಾಪ ಹಾಕುತ್ತಾಳೆ. ಆದರೆ ರಾತ್ರಿ ಸಾಹುಕಾರನ ಕಡಲೆಕಾಯಿ ಮನೆಗೆ ಬಂದಾಗ ದೊಡ್ಡವರು ಚಿಕ್ಕವರು ಎಲ್ಲ ಸುತ್ತ ಕೂತು ತಿನ್ನುತ್ತಾರೆ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬಿಡಿಸುತ್ತಾಳೆ. ಬೈಗುಳ ತುಂಬಿದ ಆ ಮನೆಯಲ್ಲಿ ಒಂದು ಹುಡುಗಿಯ ನವಿಲಿಗೂ ಜಾಗವಿದೆ. ಇಂಥ ಮನೆಯನ್ನು ಬೌಮ್‌ರಿಂಡರ ಮೂರು ಬಗೆಯಲ್ಲಿ ಎಲ್ಲಿ ಇಡುತ್ತೀರಿ? ಬೆಳಗಾದರೆ ಪೊಲೀಸರು ಬರುತ್ತಾರೆ. ಮಕ್ಕಳು ನಿಜವಾದ ದಬ್ಬಾಳಿಕೆ ಕಾಣುವುದು ಆಗ. ಸಾಕವ್ವನ ಅಧಿಕಾರ ಉಣ್ಣಿಸುವ ಅಧಿಕಾರ, ಬಂದವರದು ಕಸಿಯುವ ಅಧಿಕಾರ.

ಈಗ ನಮ್ಮ ಕಡೆಗೇ ಬೆರಳು ತಿರುಗಿಸೋಣ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು 1979ರಲ್ಲಿ. ಅದೇ ವರ್ಷ ಸ್ವೀಡನ್ ದೇಶ, ಮನೆಯಲ್ಲಿ ತಾಯಿತಂದೆಯೂ ಮಕ್ಕಳನ್ನು ಹೊಡೆಯಬಾರದು ಎಂದು ಜಗತ್ತಿನಲ್ಲೇ ಮೊದಲು ಕಾನೂನು ಮಾಡಿತು. ನಮ್ಮ ಕವಿತೆ ಕತೆಗಳು ಗೌಡನ ಚಾಬೂಕನ್ನು ಹಿಡಿದು ಕೇಳಿದವು, ಪುರೋಹಿತನ ದರ್ಭೆಯನ್ನು ಕೇಳಿದವು. ಮನೆಯ ಗೂಟಕ್ಕೆ ತೂಗುಹಾಕಿದ ಬಾರಕೋಲನ್ನು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ಅಪ್ಪನನ್ನು ಕರುಣೆಯ ಮೂರ್ತಿ ಮಾಡಿದೆವು, ಅವ್ವನನ್ನು ಭೂಮಿತಾಯಿ ಮಾಡಿದೆವು. ಮೂರ್ತಿಗಳಿಗೆ ಪ್ರಶ್ನೆ ಕೇಳಲು ಬರುವುದಿಲ್ಲ. ಸಭೆಯಲ್ಲಿ ಸಮಾನತೆಯ ಘೋಷಣೆ ಕೂಗಿ ರಾತ್ರಿ ಮನೆಗೆ ಬಂದ ನಾವು, “ಯಪ್ಪಾ, ಯಾಕ?” ಎಂದು ಕೇಳಿದ ಮಗಳಿಗೆ “ಎದುರ ಮಾತಾಡಬ್ಯಾಡ” ಎಂದಿದ್ದೇವೆ. ಇದನ್ನು ಬರೆಯಲು ಕೈ ನಡುಗುತ್ತದೆ. ಆದರೂ ಬರೆಯಬೇಕು.

ದಾರಿ ಯಾವುದು? 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಬಾಬಾಸಾಹೇಬರ ಬಾಲ್ಯದಲ್ಲೇ ಅದಕ್ಕೆ ಉತ್ತರವಿದೆ. ಬುದ್ಧ ಮತ್ತು ಆತನ ಧಮ್ಮ ಕುರಿತ ತಮ್ಮ ಗ್ರಂಥಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ತಂದೆ ರಾಮಜಿ ಬಹಳ ಕಟ್ಟುನಿಟ್ಟು. ಮಕ್ಕಳು ದಿನಾಲೂ ರಾಮಾಯಣ ಮಹಾಭಾರತ ಓದಲೇಬೇಕು. ಶೂದ್ರರನ್ನೂ ಅಸ್ಪೃಶ್ಯರನ್ನೂ ಹೀನವಾಗಿ ಕಾಣುವ ಇವನ್ನು ನಾವು ಯಾಕೆ ಓದಬೇಕು ಎಂದು ಹುಡುಗ ಭೀಮ ಕೇಳಿದ. ನೀವಿನ್ನೂ ಹುಡುಗರು, ಹೇಳಿದಷ್ಟು ಮಾಡಿರಿ ಎಂಬರ್ಥದಲ್ಲಿ ತಂದೆ ಬಾಯಿ ಮುಚ್ಚಿಸಿದರು. ನಮ್ಮೆಲ್ಲರ ಮನೆಯ ಮಾತೇ! ಆದರೆ ಹುಡುಗ ಸುಮ್ಮನಾಗಲಿಲ್ಲ, ಕೆಲವು ದಿನ ಬಿಟ್ಟು ಮತ್ತೆ ಕೇಳಿದ. ಈ ಸಲ ತಂದೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು. ನಮ್ಮ ಮಕ್ಕಳಲ್ಲಿ ಕೀಳರಿಮೆ ಬೆಳೆಯಬಾರದು. ದ್ರೋಣ, ಕರ್ಣರಂಥವರು ಎಲ್ಲಿಂದ ಎಲ್ಲಿಗೆ ಏರಿದರು ನೋಡು ಎಂದರು. ಆ ಉತ್ತರ ಭೀಮನಿಗೆ ಪೂರ್ತಿ ಹಿಡಿಸಲಿಲ್ಲ. ಹಿಡಿಸದೆ ಇದ್ದದ್ದೇ ಮುಂದೆ ಅವರನ್ನು ಬುದ್ಧನ ಕಡೆ ಕರೆದೊಯ್ದ ದಾರಿಯ ಮೊದಲ ಹೆಜ್ಜೆ ಎಂದು ನಾವು ತಿಳಿಯುತ್ತೇವೆ.

ರಾಮಜಿ ಸುಬೇದಾರರು ಸೈನ್ಯದಲ್ಲಿದ್ದವರು. ಅವರೂ ಮೊದಲ ಸಲ ಗುಡುಗಿದರು. ಅವರ ದೊಡ್ಡತನ ಇರುವುದು ಎರಡನೆಯ ಸಲದಲ್ಲಿ. ಮಗನ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದರು, ಉತ್ತರ ಕೊಡುವುದು ತನ್ನ ಕೆಲಸ ಎಂದು ಒಪ್ಪಿದರು. ನಮಗೆ ಬೇಕಾದ ಅಧಿಕಾರ ಇದು. ಮಗು ಎರಡನೆಯ ಸಲ ಕೇಳಿದಾಗ ಕಾರಣ ಹೇಳಲು ತಯಾರಿರುವ ಅಧಿಕಾರ, ಮಗು ಒಪ್ಪದೆ ಹೋದರೆ ಅದನ್ನೂ ತಾಳಿಕೊಳ್ಳುವ ಅಧಿಕಾರ. ಕಾರಣ ಕೇಳಲು ಮನೆಯಲ್ಲಿ ಕಲಿಯದ ಮಗು ನಾಳೆ ಊರಿನ ಹೋಟೆಲಿನಲ್ಲಿ, ಕಚೇರಿಯಲ್ಲಿ, ಫ್ಯಾಕ್ಟರಿಯ ಗೇಟಿನಲ್ಲಿ ಹೇಗೆ ಕೇಳೀತು?

ಹಳ್ಳಿಯ ಮಾಸ್ತರರಾದ ಗೆಳೆಯರಿಗೆ ಕೊನೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಸಾಲಿಯಲ್ಲಿ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಮನೆಯ ಹೊಡೆತಕ್ಕೆ ನಮ್ಮ ದೇಶದಲ್ಲಿ ಅಂಥ ನೇರ ನಿಷೇಧ ಇಲ್ಲ. ಅದಕ್ಕೇ ಮನೆ ಮತ್ತು ಸಾಲಿಯ ನಡುವೆ ನಿಂತ ನಿಮ್ಮ ಮೇಲೆ ಭಾರ ಹೆಚ್ಚು. ನಾಳೆ ಒಬ್ಬ ಅಪ್ಪ ಮಗನ ರಟ್ಟೆ ಹಿಡಿದು ತಂದು, ಎರಡು ಕಣ್ಣು ಬಿಟ್ಟು ಬಡೀರಿ ಎಂದಾಗ ಆ ಗಂಟನ್ನು ಇಸಿದುಕೊಳ್ಳಬೇಡಿ. ಅವನಿಗೂ ಒಂದು ಕುರ್ಚಿ ಹಾಕಿರಿ. “ಕುಂದರ್ರಿ ಯಜಮಾನ್ರ, ಹುಡುಗ ಏನ ಹೇಳ್ತಾನ ಇಬ್ಬರೂ ಕೂಡಿ ಕೇಳೂನು” ಎನ್ನಿರಿ. ಯಾವ ಕಚೇರಿಯಲ್ಲೂ ಕುರ್ಚಿ ಸಿಗದ ಆ ಮನುಷ್ಯ ತನ್ನ ಮಗನ ಎದುರು ಒಮ್ಮೆ ಕುರ್ಚಿಯ ಮೇಲೆ ಕೂಡಲಿ. ಮಗ ಅದನ್ನು ನೋಡಲಿ.