ಹಿಮದ ಹೆಣ್ಣು, ಕಿವಿ ಕಳೆದುಕೊಂಡ ಗಾಯಕ

ಜಪಾನಿ ಭಾಷೆಯಲ್ಲಿ ದೆವ್ವಭೂತಗಳ ಹಾಗೂ ವಿಸ್ಮಯಗಳ ಕಥನಕ್ಕೆ ‘ಕೈದಾನ್’ ಎಂಬ ಹೆಸರಿದ್ದು, ಅದನ್ನೇ ಶೀರ್ಷಿಕೆಯಾಗಿಸಿಕೊಂಡು ಮಸಾಕಿ ಕೊಬಾಯಾಶಿ 1964ರಲ್ಲಿ ನಿರ್ದೇಶಿಸಿದ ಚಿತ್ರವು ವಾಸ್ತವವಾಗಿ ನಾಲ್ಕು ಕಿರುಚಿತ್ರಗಳ ಗುಚ್ಛ. ಲಾಫ್ಕಾಡಿಯೊ ಹರ್ನ್ ಇಂಗ್ಲಿಷಿನಲ್ಲಿ ಮರುನಿರೂಪಿಸಿದ ಅನೇಕ ಜಪಾನಿ ಕಥೆಗಳಲ್ಲಿ ಈ ನಾಲ್ಕನ್ನೇ ಆರಿಸಿಕೊಂಡದ್ದರಲ್ಲಿ ನಿರ್ದೇಶಕರ ಜಾಣ್ಮೆ ಎದ್ದು ಕಾಣುತ್ತದೆ. ಏಕೆಂದರೆ ಇವುಗಳ ಭಯವೆಲ್ಲ ಕಪ್ಪು ಕೂದಲು, ಹಿಮ, ಕಿವಿ, ಚಹಾದ ಬಟ್ಟಲು ಎಂಬಂಥ ಕಣ್ಣಿಗೆ ಕಾಣುವ ವಸ್ತುಗಳಲ್ಲೇ ಹುದುಗಿದ್ದು, ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿವೆ.

‘ಬೀವಾ’ ಎಂಬ ತಂತಿವಾದ್ಯವನ್ನು ನುಡಿಸುತ್ತ ಹಾಡುವ ಕುರುಡ ಹೋಯಿಚಿಯ ಕಥೆಯೇ ಇವುಗಳಲ್ಲಿ ಮಿಗಿಲು. 1185ರ ದಾನ್‌ನೊಉರಾ ಕಡಲಕಾಳಗದಲ್ಲಿ ಮಡಿದ ಹೈಕೆ ವಂಶದವರ ಪ್ರೇತಗಳಿಂದ ಅವನನ್ನು ಕಾಪಾಡಲು ಮೈತುಂಬ ಬೌದ್ಧ ಸೂತ್ರವನ್ನು, ಅಂದರೆ ಪವಿತ್ರ ಪಠ್ಯವನ್ನು, ಕುಂಚದಿಂದ ಬರೆಯಲಾಗುತ್ತದೆ. ಕಿವಿಗಳನ್ನು ಮಾತ್ರ ಮರೆತುಬಿಡುವುದರಿಂದ, ಅಕ್ಷರ ಹೊತ್ತ ದೇಹ ಕಾಣದ ಪ್ರೇತಕ್ಕೆ ಬರೀ ಎರಡು ಕಿವಿಗಳು ಕಂಡು, ಅದು ಅವನ್ನೇ ಕಿತ್ತೊಯ್ಯುತ್ತದೆ. ಸಂಗೀತಗಾರನ ಪಾಲಿಗೆ ಇದಕ್ಕಿಂತ ಕ್ರೂರವಾದ ಮರೆವು ಇನ್ನೊಂದಿರಲಾರದು.

ಉಸಿರಿನಿಂದಲೇ ಕೊಲ್ಲುವ ಹಿಮದ ಹೆಣ್ಣು ‘ಯೂಕಿ ಒನ್ನಾ’ಳ ಕಥೆಯಲ್ಲಿ, ಸ್ಟುಡಿಯೋದೊಳಗೆ ಪರದೆಗೆ ಬಣ್ಣ ಬಳಿದು ಸೃಷ್ಟಿಸಿದ ಆಕಾಶದಲ್ಲಿ ಬೃಹತ್ ಕಣ್ಣೊಂದು ತೆರೆದುಕೊಂಡಿರುತ್ತದೆ, ಅದು ನಿಸರ್ಗವನ್ನು ಅನುಕರಿಸದಿರುವುದೇ ಅದರ ಸೊಗಸು. ತೋರು ತಕೆಮಿತ್ಸು ಅವರ ಸಂಗೀತವೂ ಮೌನದ ನಡುನಡುವೆ ಬಿರುಕಿನಂತೆ ಕೇಳಿಸಿ ಮರೆಯಾಗುತ್ತದೆ. ಬಟ್ಟಲಿನ ಚಹಾದಲ್ಲಿ ಅಪರಿಚಿತನ ಮುಖ ಕಾಣುವ ಕೊನೆಯ ಕಥೆ ಉಳಿದವುಗಳಷ್ಟು ಗಾಢವಲ್ಲವಾದರೂ, ಮೂಲದಲ್ಲೇ ಅರ್ಧಕ್ಕೆ ನಿಂತ ಕಥೆಯೊಂದನ್ನು ಮುಕ್ತಾಯಕ್ಕೆ ಆರಿಸಿದ್ದು ಧೈರ್ಯದ ಕೆಲಸ.